ಜೀಪು, ಕಾಡುದಾರಿ, ಕ್ಯಾಂಪಿನ ಬೆಂಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಚ್ಚಾ ದಾರಿಗಳಲ್ಲಿ ನಾನು ಜೀಪ್ ಓಡಿಸಲು ಶುರು ಮಾಡಿ 14 ವರ್ಷ ಆಯಿತು. ಜೊತೆಗೆ ಬರುವ ಹೊಸಬರು ಪ್ರತಿ ಸಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲ ಒಂದೇ ಕಡೆ ಇರಲಿ ಅಂತ ಕೂತು ಬರೆದಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಬೆಂಕಿಯ ಬಗ್ಗೆಯೇ ಇದೆ. ಚಕ್ರದ ಗುರುತನ್ನು ಮಾರನೇ ದಿನ ಹೋಗಿ ಮುಚ್ಚಬಹುದು, ಬಿಟ್ಟ ಕಸವನ್ನು ಹೆಕ್ಕಬಹುದು. ಗುಡ್ಡ ಹತ್ತಿದ ಬೆಂಕಿಯನ್ನು ಏನೂ ಮಾಡಲು ಆಗಲ್ಲ.

ಕ್ಯಾಂಪ್ ಅಂದಮೇಲೆ ಬೆಂಕಿ ಹಾಕಲೇಬೇಕಾ?

ಬೇಡ. ನಮ್ಮ ಹತ್ತು ಕ್ಯಾಂಪಿನಲ್ಲಿ ಏಳೆಂಟಕ್ಕೆ ಈಗ ಬೆಂಕಿಯೇ ಇರುವುದಿಲ್ಲ. ಅಡುಗೆಗೆ ಸಣ್ಣ ಗ್ಯಾಸ್ ಸ್ಟೌ, ಬೆಳಕಿಗೆ ಹೆಡ್‌ಲ್ಯಾಂಪ್, ಚಳಿಗೆ ಸ್ವೆಟರ್ ಮತ್ತು ಒಳ್ಳೆಯ ಕಂಬಳಿ. ಮೊದಲ ರಾತ್ರಿ ಏನೋ ಕಮ್ಮಿ ಆದ ಹಾಗೆ ಅನ್ನಿಸುತ್ತದೆ, ನಿಜ. ಅರ್ಧ ಗಂಟೆ ಕತ್ತಲಲ್ಲಿ ಸುಮ್ನೆ ಕೂತು ನೋಡಿ. ಕಣ್ಣು ಹೊಂದಿಕೊಂಡ ಮೇಲೆ ಗುಡ್ಡದ ಅಂಚು, ನಕ್ಷತ್ರ, ಮಿಂಚುಹುಳ ಎಲ್ಲ ಕಾಣುತ್ತವೆ. ಬೆಂಕಿ ಪಕ್ಕ ಕೂತವರಿಗೆ ಬೆಂಕಿ ಮಾತ್ರ ಕಾಣುತ್ತದೆ.

ಯಾವ ತಿಂಗಳಲ್ಲಿ ಬೆಂಕಿ ಹಾಕಲೇಬಾರದು?

ಜನವರಿಯಿಂದ ಮುಂಗಾರಿನ ಮೊದಲ ಒಳ್ಳೆಯ ಮಳೆಯವರೆಗೆ ಬಯಲಲ್ಲಿ ಬೆಂಕಿ ಬೇಡ. ಫೆಬ್ರವರಿ, ಮಾರ್ಚ್ ಅಂತೂ ಕೆಟ್ಟ ತಿಂಗಳು. ನಡುವೆ ಒಂದು ಮಳೆ ಬಂದರೂ ನಂಬಬೇಡಿ. ಎರಡು ದಿನ ಬಿಸಿಲು ಬಿದ್ದರೆ ಹುಲ್ಲು ಮತ್ತೆ ಗರಿಗರಿ.

ತೊಂದರೆ ಏನೆಂದರೆ, ನಮಗೆ ಚಳಿ ಕಾಯಿಸಬೇಕು ಅನ್ನಿಸುವ ಕಾಲ ಮತ್ತು ಕಾಡು ಒಣಗುವ ಕಾಲ ಎರಡೂ ಒಟ್ಟಿಗೇ ಬರುತ್ತವೆ. ಜನವರಿ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಕೈ ಮರಗಟ್ಟುತ್ತದೆ. ಇಷ್ಟು ಒದ್ದೆ ಇದೆಯಲ್ಲ, ಏನಾಗುತ್ತೆ ಅಂತ ಜನ ಬೆಂಕಿ ಹಾಕುತ್ತಾರೆ. ಹನ್ನೊಂದು ಗಂಟೆಗೆ ಅದೇ ಹುಲ್ಲನ್ನು ಕೈಯಲ್ಲಿ ಹಿಚುಕಿ ನೋಡಿ, ಪುಡಿಯಾಗುತ್ತದೆ. ಆ ಹೊತ್ತಿಗೆ ಗುಡ್ಡದ ಮೇಲೆ ಗಾಳಿಯೂ ಎದ್ದಿರುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದದ್ದು ನೆನಪಿರಬಹುದು. ಕೆಲವೇ ದಿನಗಳಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಿತ್ತು ಅಂತ ಇಸ್ರೋದ ಉಪಗ್ರಹ ಚಿತ್ರಗಳ ಲೆಕ್ಕ ಹೇಳಿತು. ಹೊರಗಿನಿಂದ ಬಂದು ಕಾಡಲ್ಲಿ ಹಬ್ಬಿರುವ ಲಂಟಾನ ಅನ್ನುವ ಗಿಡದ ಒಣಗಿದ ಪೊದೆಗಳೇ ಸೌದೆ ಆದವು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಇನ್ನೊಬ್ಬರು. ಆ ಕಡೆ ನಾವೆಲ್ಲ ಜೀಪ್ ತಗೊಂಡು ಖುಷಿಯಾಗಿ ಓಡಾಡುತ್ತೇವೆ. ಯಾವ ಬೆಂಕಿ ಯಾರಿಂದ ಶುರುವಾಯಿತು ಅನ್ನುವುದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆದರೆ ನಂದಿಸಲು ಹೋಗುವವರು ಯಾರು ಅಂತ ಪ್ರತಿ ಸಲವೂ ಗೊತ್ತಿರುತ್ತದೆ. ಅರಣ್ಯ ಇಲಾಖೆಯ ಗಾರ್ಡ್, ಕಾಡು ಕಾಯುವ ವಾಚರ್, ಪಕ್ಕದ ಊರಿನ ಹುಡುಗರು.

ಕಾನೂನು ಏನು ಹೇಳುತ್ತದೆ?

ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು, ಉರಿಯುವ ಬೆಂಕಿಯನ್ನು ಕಾಡಿಗೆ ಅಪಾಯ ಆಗುವ ಹಾಗೆ ಬಿಟ್ಟು ಬರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ 30ನೇ ಸೆಕ್ಷನ್ ಬೆಂಕಿಗೆಂದೇ ಇರುವುದು. 27ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು. 2022ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಕಾಡಿಗೆ ಬೆಂಕಿ ಬೀಳಲಿ ಅಂತ ನಾನು ಹಚ್ಚಿದ್ದಲ್ಲ ಅಂತ ಹೇಳಿದರೆ ಕೇಸು ತಪ್ಪುತ್ತದೆ ಅಂದುಕೊಳ್ಳಬೇಡಿ. ಅಪಾಯ ಆಗುವ ಹಾಗೆ ಬಿಟ್ಟು ಬಂದದ್ದೂ ಅದರಲ್ಲೇ ಬರುತ್ತದೆ.

ನಾವು ಹೋಗುವ ದಾರಿ ಕಾಡಿನದೋ, ತೋಟದ್ದೋ, ಹೇಗೆ ಗೊತ್ತಾಗುತ್ತದೆ?

ಇದು ನಿಜಕ್ಕೂ ಗೊಂದಲದ ವಿಷಯ. ಮಲೆನಾಡಿನಲ್ಲಿ ಒಂದೇ ದಾರಿ ಐದು ಕಿಲೋಮೀಟರ್ ಒಳಗೆ ಪಂಚಾಯ್ತಿ ರಸ್ತೆ, ಖಾಸಗಿ ಕಾಫಿ ತೋಟ, ಕಂದಾಯ ಭೂಮಿ, ಸಿ ಅಂಡ್ ಡಿ ಜಮೀನು (ಸಾಗುವಳಿಗೆ ಆಗದ್ದು ಅಂತ ಗುರುತಿಸಿದ ಸರ್ಕಾರಿ ಜಾಗ), ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತ ಘೋಷಣೆ ಆಗದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಜಾಗ), ಮೀಸಲು ಅರಣ್ಯ ಎಲ್ಲವನ್ನೂ ದಾಟಬಹುದು. ಎಲ್ಲ ಕಡೆ ಬೋರ್ಡ್ ಇರುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಗೆರೆ ಕಾಣುತ್ತದೆ ಅಂದರೆ ಅಲ್ಲಿ ಹೋಗಬಹುದು ಅಂತ ಅಲ್ಲ. ಎಷ್ಟೋ ಗೆರೆಗಳು ಹಳೇ ಕೂಪಿನ ದಾರಿಗಳು, ಮರ ಸಾಗಿಸುತ್ತಿದ್ದ ಕಾಲದವು.

ನಾವು ಮಾಡುವುದು ಇಷ್ಟು. ಹೋಗುವ ವಾರ ಮೊದಲು ಆ ವಲಯದ ಅರಣ್ಯ ಕಚೇರಿಗೆ ಹೋಗಿಯೋ ಫೋನ್ ಮಾಡಿಯೋ ಕೇಳುತ್ತೇವೆ. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಸಿಗದಿದ್ದರೆ ಬೀಟ್ ಗಾರ್ಡ್ ಸಿಗುತ್ತಾರೆ. ತೋಟ ಇದ್ದರೆ ಮಾಲೀಕರ ಹತ್ತಿರ, ಇಲ್ಲದಿದ್ದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ ಹತ್ತಿರ ಕೇಳುತ್ತೇವೆ. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕಿಂಗ್ ಇದೆ. ಅದು ನಡೆಯಲು ಮಾತ್ರ, ಗಾಡಿ ತರಲು ಅಲ್ಲ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಗುಡ್ಡದಂಥ ಕಡೆ ಸ್ಥಳೀಯ ಜೀಪಿನವರೇ ಕರೆದುಕೊಂಡು ಹೋಗುತ್ತಾರೆ. ಅವರ ಜೀವನವೂ ಅದೇ. ಅಲ್ಲಿ ನಮ್ಮ ಗಾಡಿ ಕೆಳಗೆ ನಿಲ್ಲಿಸಿ ಅವರ ಜೀಪ್ ಹತ್ತಿದರೆ ನಮ್ಮ ಮರ್ಯಾದೆ ಏನೂ ಕಮ್ಮಿ ಆಗಲ್ಲ.

ಅನುಮತಿ ಇರುವ ತೋಟ, ಮಳೆ ನಿಂತ ನವೆಂಬರ್. ಈಗ ಬೆಂಕಿ ಹಾಕಬಹುದಾ? ಹೇಗೆ?

ಮಾಲೀಕರು ಹೂಂ ಅಂದಿದ್ದರೆ, ಗಾಳಿ ಇಲ್ಲದಿದ್ದರೆ, ನೀರು ಪಕ್ಕದಲ್ಲೇ ಇದ್ದರೆ ಹಾಕಬಹುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಮೊದಲು ಜಾಗ. ಹಿಂದೆ ಯಾರೋ ಬೆಂಕಿ ಹಾಕಿದ ಕಪ್ಪು ಜಾಗ ಇದ್ದರೆ ಅಲ್ಲೇ ಹಾಕಿ. ಇಲ್ಲದಿದ್ದರೆ ಕಾಫಿ ಒಣಗಿಸುವ ಕಣ, ಬರಿ ಮಣ್ಣು, ಬಂಡೆಯ ಪಕ್ಕದ ಮರಳು ನೋಡಿ. ಸುತ್ತ ಹತ್ತು ಅಡಿ ತರಗೆಲೆ ಗುಡಿಸಿ. ಗುಡಿಸಿದ ಮೇಲೆ ಮಣ್ಣನ್ನು ಬೆರಳಿಂದ ಕೆದಕಿ ನೋಡಿ. ಕೆಳಗೆ ಕಪ್ಪಗೆ, ಮೆತ್ತಗೆ, ಎಲೆ ಕೊಳೆತ ಗೊಬ್ಬರ ಸಿಕ್ಕಿದರೆ ಆ ಜಾಗ ಬಿಡಿ. ಅದು ಮಣ್ಣಲ್ಲ, ಅದೂ ಉರಿಯುತ್ತದೆ. ತಲೆ ಮೇಲೆ ಕೊಂಬೆ ಇರಬಾರದು. ಹತ್ತಿರ ಬಿದಿರು ಮೆಳೆ ಇರಲೇಬಾರದು. ಒಣಬಿದಿರಿನ ಗೆಣ್ಣುಗಳ ನಡುವೆ ಗಾಳಿ ಕಾದು ಪಟಾಕಿ ಥರ ಸಿಡಿಯುತ್ತದೆ, ಕಿಡಿ ಎಲ್ಲೋ ಹೋಗಿ ಬೀಳುತ್ತದೆ.

ನಾವು ನೆಲದ ಮೇಲೆ ಬೆಂಕಿ ಹಾಕುವುದನ್ನೇ ಬಿಟ್ಟಿದ್ದೇವೆ. ಗಾರೆ ಕೆಲಸದವರು ಜಲ್ಲಿ ಹೊರುವ ಕಬ್ಬಿಣದ ಬಾಂಡ್ಲಿ ಇದೆಯಲ್ಲ, ಅದನ್ನು ಮೂರು ಕಲ್ಲಿನ ಮೇಲೆ ಇಟ್ಟು ಅದರೊಳಗೇ ಬೆಂಕಿ. ಸತುವಿನ ಲೇಪ ಇಲ್ಲದ ಸಾದಾ ಕಬ್ಬಿಣದ್ದೇ ಆಗಬೇಕು. ನೆಲ ಸುಡುವುದಿಲ್ಲ, ಬೇರಿಗೆ ಬಿಸಿ ಹೋಗುವುದಿಲ್ಲ, ಬೆಂಕಿ ಎಷ್ಟಿರಬೇಕು ಅನ್ನುವುದನ್ನೂ ಬಾಂಡ್ಲಿಯೇ ಹೇಳುತ್ತದೆ. ಅದಕ್ಕಿಂತ ದೊಡ್ಡ ಬೆಂಕಿ ಯಾರಿಗೂ ಬೇಕಿಲ್ಲ. ಎದೆಮಟ್ಟದ ಬೆಂಕಿ ಹಾಕಿದರೆ ಎಲ್ಲರೂ ಎಂಟು ಅಡಿ ಹಿಂದೆ ಸರಿದು ನಿಲ್ಲುತ್ತಾರೆ, ಚಳಿಯೂ ಹೋಗುವುದಿಲ್ಲ. ಮೊಣಕಾಲು ಮಟ್ಟದ ಬೆಂಕಿಯ ಸುತ್ತ ಎಲ್ಲರೂ ಹತ್ತಿರ ಕೂರುತ್ತಾರೆ.

ಒಂದು ಎಚ್ಚರಿಕೆ: ಕಲ್ಲನ್ನು ಹೊಳೆಯಿಂದ ತರಬೇಡಿ. ಒಳಗೆ ನೀರು ಕೂತ ಕಲ್ಲು ಬಿಸಿಯಾದಾಗ ಒಡೆದು ಚೂರು ಹಾರುತ್ತದೆ.

ಸೌದೆ ಕಾಡಿನಿಂದಲೇ ಆರಿಸಬಹುದಲ್ವಾ? ಬಿದ್ದ ಕೊಂಬೆ ತಾನೆ?

ಬಿದ್ದ ಕೊಂಬೆಯಲ್ಲಿ ಗೆದ್ದಲು, ಅಣಬೆ, ಹಲ್ಲಿ, ಚೇಳು ಎಲ್ಲ ಇರುತ್ತವೆ. ಅದು ಕೊಳೆತು ಮಣ್ಣಾದರೆ ಮುಂದಿನ ಮರಕ್ಕೆ ಗೊಬ್ಬರ. ಮೀಸಲು ಅರಣ್ಯದಿಂದ ಹೊತ್ತು ತರುವುದಕ್ಕೆ ಅನುಮತಿಯೂ ಇಲ್ಲ. ತೋಟದವರ ಹತ್ತಿರ ದುಡ್ಡು ಕೊಟ್ಟು ತಗೊಳ್ಳಿ. ಹಳೇ ಕಾಫಿ ಗಿಡ ಕಿತ್ತ ಸೌದೆ ಸಿಕ್ಕಿದರೆ ಬಹಳ ಒಳ್ಳೆಯದು. ಗಟ್ಟಿ ಸೌದೆ, ನಿಧಾನ ಉರಿಯುತ್ತದೆ, ಒಳ್ಳೆ ಕೆಂಡ ಬೀಳುತ್ತದೆ. ಮಣಿಕಟ್ಟಿಗಿಂತ ದಪ್ಪದ್ದು ಬೇಡ. ದಪ್ಪ ದಿಮ್ಮಿ ರಾತ್ರಿ ಪೂರ್ತಿ ಒಳಗೊಳಗೇ ಉರಿಯುತ್ತಿರುತ್ತದೆ, ನೀವು ಮಾತ್ರ ಮಲಗಿರುತ್ತೀರಿ.

ಗುರುತಿಲ್ಲದ ಮರವನ್ನು ಮುರಿಯುವುದು ಇನ್ನೊಂದು ಕಾರಣಕ್ಕೂ ಕೆಟ್ಟದ್ದು. ನಮ್ಮ ಕಾಡಿನಲ್ಲಿ ಚೇರು ಜಾತಿಯ ಮರಗಳಿವೆ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ, ಹೊಗೆಯೂ ಕಣ್ಣು ಗಂಟಲಿಗೆ ಆಗುವುದಿಲ್ಲ. ಮಲೆನಾಡಿನವರು ಆ ಮರದ ನೆರಳಿಗೂ ಹೋಗಲ್ಲ.

ಬೆಂಕಿ ಬೇಗ ಹತ್ತಿಕೊಳ್ಳಲಿ ಅಂತ ಸ್ವಲ್ಪ ಪೆಟ್ರೋಲ್ ಹಾಕಬಹುದಾ?

ಖಂಡಿತ ಬೇಡ. ಪೆಟ್ರೋಲಿನ ಆವಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ನೀವು ಕಡ್ಡಿ ಗೀರಿದಾಗ ಬೆಂಕಿ ಸೌದೆಗೆ ಮೊದಲು ನಿಮ್ಮ ಕಾಲಿಗೆ ಬರುತ್ತದೆ. ಅರೆಬರೆ ಉರಿಯುವ ಬೆಂಕಿಗೆ ಸುರಿದರೆ ಕ್ಯಾನ್‌ವರೆಗೂ ಹತ್ತಿಕೊಳ್ಳುತ್ತದೆ. ಜೆರ್ರಿಕ್ಯಾನ್, ಗ್ಯಾಸ್ ಕ್ಯಾನಿಸ್ಟರ್, ಗಾಡಿ ಎಲ್ಲ ಬೆಂಕಿಯಿಂದ ದೂರ, ಗಾಳಿ ಬರುವ ದಿಕ್ಕಿನಲ್ಲಿ ಇರಲಿ. ತೆಂಗಿನ ನಾರು, ಅಡಿಕೆ ಹಾಳೆಯ ಚೂರು, ಒಣ ಪುರಳೆ ಇದ್ದರೆ ಸಾಕು, ಒಂದೇ ಕಡ್ಡಿಗೆ ಹತ್ತುತ್ತದೆ.

ಬೆಂಕಿ ಆರಿದೆ ಅಂತ ಹೇಗೆ ಗೊತ್ತಾಗುತ್ತದೆ?

ಇದಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕಂದರೆ ನಾನೇ ತಪ್ಪು ಮಾಡಿ ಕಲಿತದ್ದು.

ಶುರುವಿನ ವರ್ಷಗಳಲ್ಲಿ ಒಂದು ಜನವರಿ. ಸಕಲೇಶಪುರದ ಕಡೆ ತೋಟದ ಅಂಚಿನಲ್ಲಿ ನಾಲ್ಕು ಗಾಡಿ, ಒಂಬತ್ತು ಜನ. ರಾತ್ರಿ ಹನ್ನೆರಡಕ್ಕೆ ಬೆಂಕಿಗೆ ಎರಡು ಬಾಟಲಿ ನೀರು ಹಾಕಿದೆವು. ಚುಯ್ ಅಂತು, ಹೊಗೆ ಎದ್ದಿತು, ಕಪ್ಪಾಯಿತು. ಮೇಲೆ ಮಣ್ಣು ಎಳೆದು ಮಲಗಿದೆವು. ಬೆಳಗ್ಗೆ ಐದೂವರೆಗೆ ಸುಟ್ಟ ವಾಸನೆಗೆ ಎಚ್ಚರ ಆಯಿತು. ಬೆಂಕಿ ಹಾಕಿದ ಜಾಗದಲ್ಲಿ ಏನೂ ಇಲ್ಲ. ಅಲ್ಲಿಂದ ಒಂದು ಮಾರು ದೂರದಲ್ಲಿ, ನೆಲದ ಒಳಗಿಂದ, ಊದುಬತ್ತಿ ಹೊಗೆಯಷ್ಟು ತೆಳ್ಳಗೆ ಒಂದು ಎಳೆ ಮೇಲೆ ಬರುತ್ತಿತ್ತು.

ಅಷ್ಟು ಹೊತ್ತಿಗೆ ಆ ದಾರಿಯಲ್ಲಿ ಫೈರ್ ವಾಚರ್ ಒಬ್ಬರು ಬಂದರು. ಐವತ್ತು ದಾಟಿದವರು, ಹೆಗಲ ಮೇಲೆ ಕತ್ತಿ, ಕಾಲಲ್ಲಿ ಹವಾಯಿ ಚಪ್ಪಲಿ. ಬೈಯಲಿಲ್ಲ. ಕೂತುಕೊಂಡು ಕೋಲಿನಿಂದ ಹೊಗೆ ಬರುವಲ್ಲಿ ಕೆದಕಿದರು. ಸತ್ತ ಮರದ ಬೇರು ಅದು. ಒಳಗೆ ಟೊಳ್ಳಾಗಿ, ಕೊಳವೆ ಥರ, ಸುತ್ತಲೂ ಕೆಂಪಗೆ ಕೆಂಡ. ರಾತ್ರಿಯಿಡೀ ಅದು ನೆಲದ ಒಳಗೇ ನಡೆದುಕೊಂಡು ಹೋಗಿತ್ತು. ಇನ್ನೊಂದು ಮಾರು ಹೋಗಿದ್ದರೆ ಒಣಹುಲ್ಲು. ಆಮೇಲೆ ಅವರು ನಮ್ಮ ಬೆಂಕಿ ಜಾಗಕ್ಕೆ ಬಂದು ಮಣ್ಣು ಸರಿಸಿದರು. ಬೂದಿ ಬೆಳ್ಳಗೆ, ನುಣ್ಣಗೆ, ಎಷ್ಟು ತಣ್ಣಗಿದ್ದ ಹಾಗೆ ಕಾಣುತ್ತಿತ್ತು. ಒಂದು ಇಂಚು ಕೆಳಗೆ ಕೋಲು ಹೋದ ಕೂಡಲೇ ಕೆಂಪು ಕಣ್ಣು ಬಿಟ್ಟಿತು.

"ಕೈ ಇಡಿ ಸಾರ್" ಅಂದರು ನನಗೆ. ಹಿಂಗೈಯನ್ನು ಬೂದಿ ಹತ್ತಿರ ತಂದೆ. ಅರ್ಧ ಅಡಿ ಮೇಲೇ ಬಿಸಿ ಬಡಿಯಿತು. "ಬರಿಗೈ ಇಟ್ಟು ಹತ್ತು ಎಣಿಸೋಕೆ ಆಗ್ಬೇಕು. ಅಲ್ಲೀತನಕ ಆರಿಲ್ಲ ಅದು" ಅಂದರು. ನಾವು ತೊರೆಯಿಂದ ಆರು ಬಕೆಟ್ ನೀರು ತಂದು ಹಾಕಿದ ಮೇಲೆ ಅವರು ಹೊರಟರು.

ಅವತ್ತಿನಿಂದ ನಮ್ಮ ಕ್ರಮ ಹೀಗಿದೆ. ಮಲಗುವ ಒಂದು ಗಂಟೆ ಮೊದಲೇ ಸೌದೆ ಹಾಕುವುದು ನಿಲ್ಲಿಸುತ್ತೇವೆ. ಇದ್ದದ್ದು ಪೂರ್ತಿ ಸುಟ್ಟು ಬೂದಿಯಾಗಲಿ. ಆಮೇಲೆ ನೀರು. ಸುಮ್ನೆ ಚಿಮುಕಿಸುವುದಲ್ಲ, ಮುಳುಗುವಷ್ಟು. ಕೋಲಿನಿಂದ ಕಲಕಿ, ಕೊಳ್ಳಿಗಳನ್ನು ಮಗುಚಿ, ಮತ್ತೆ ನೀರು. ಸದ್ದು ನಿಂತು ಬೂದಿ ರಾಗಿ ಅಂಬಲಿ ಥರ ಆಗಬೇಕು. ಕೊನೆಗೆ ಹಿಂಗೈ ಹತ್ತಿರ ತಂದು, ಬಿಸಿ ಇಲ್ಲ ಅಂತಾದ ಮೇಲೆ ಅಂಗೈ ಇಟ್ಟು ಹತ್ತು ಎಣಿಸುತ್ತೇವೆ. ಬಾಂಡ್ಲಿಯ ಸಣ್ಣ ಬೆಂಕಿಗೂ ಒಂದು 20 ಲೀಟರ್ ಕ್ಯಾನ್ ಬರೀ ಇದಕ್ಕೇ ಅಂತ ಎತ್ತಿಟ್ಟಿರುತ್ತೇವೆ. ಕುಡಿಯುವ ನೀರಿನ ಲೆಕ್ಕದಲ್ಲಿ ಅದನ್ನು ಸೇರಿಸುವುದಿಲ್ಲ.

ಮಣ್ಣು ಮುಚ್ಚಿದರೆ ಸಾಕಲ್ವಾ?

ಸಾಲದು. ಹಿಂದಿನ ಕಾಲದಲ್ಲಿ ಬೆಳಗ್ಗೆ ಒಲೆ ಹಚ್ಚಲು ಕೆಂಡ ಬೇಕು ಅಂತ ಅಜ್ಜಿಯರು ರಾತ್ರಿ ಅದಕ್ಕೆ ಬೂದಿ ಮುಚ್ಚುತ್ತಿದ್ದರು. ಮುಚ್ಚಿದ ಕೆಂಡ ಬೆಳಗಿನವರೆಗೂ ಇರುತ್ತಿತ್ತು. ನೀವು ಮಣ್ಣು ಮುಚ್ಚಿದಾಗ ಅದೇ ಆಗುತ್ತದೆ. ಜೊತೆಗೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಬರಿಗಾಲಲ್ಲಿ ಓಡಾಡುವ ದನ ಕಾಯುವ ಹುಡುಗ ಕಾಲಿಡುತ್ತಾನೆ.

ಚಳಿ ಜಾಸ್ತಿ ಇದ್ದರೆ ಕೆಂಡವನ್ನು ಟೆಂಟ್ ಒಳಗೆ ಇಟ್ಟುಕೊಳ್ಳಬಹುದಾ?

ಬೇಡ, ಜೀವ ಹೋಗುತ್ತದೆ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿ ಎಚ್ಚರವೂ ಆಗುವುದಿಲ್ಲ. ಟೆಂಟಿನ ಒಳಗೆ ಗ್ಯಾಸ್ ಸ್ಟೌ ಹಚ್ಚುವುದಕ್ಕೂ, ಇಂಜಿನ್ ಚಾಲೂ ಇಟ್ಟು ಮುಚ್ಚಿದ ಗಾಡಿಯಲ್ಲಿ ಮಲಗುವುದಕ್ಕೂ ಇದೇ ಮಾತು. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕಾಲ ಹತ್ತಿರ ಇಟ್ಟುಕೊಳ್ಳಿ.

ಬೆಂಕಿ ಇದ್ದರೆ ಆನೆ, ಚಿರತೆ ಬರಲ್ಲ ಅಂತಾರಲ್ಲ?

ನಂಬಬೇಡಿ. ಸಕಲೇಶಪುರ, ಆಲೂರು ಕಡೆಯ ಆನೆಗಳು ಪಟಾಕಿ, ಟಾರ್ಚು, ತಮಟೆ ಎಲ್ಲ ನೋಡಿವೆ. ನಿಮ್ಮ ಸಣ್ಣ ಬೆಂಕಿ ಅವಕ್ಕೆ ಏನೂ ಅಲ್ಲ. ಬದಲಿಗೆ ಹಲಸಿನ ಹಣ್ಣು, ಉಪ್ಪು, ಅಕ್ಕಿ, ಸಾರಾಯಿ ವಾಸನೆ ಅವನ್ನು ಕರೆಯುತ್ತದೆ. ಆನೆ ಯಾವ ಕಡೆ ಇದೆ ಅಂತ ಊರಿನವರಿಗೆ ಮೆಸೇಜ್ ಬರುವ ವ್ಯವಸ್ಥೆ ಆ ಭಾಗದಲ್ಲಿದೆ. ಸಂಜೆ ಟೆಂಟ್ ಹಾಕುವ ಮುಂಚೆ ಕೇಳಿ. ಆನೆ ದಾರಿಯಲ್ಲಿ, ನೀರಿನ ಹೊಂಡದ ಪಕ್ಕ ಮಲಗಬೇಡಿ. ಊಟ, ಕಸ ಎರಡೂ ಗಾಡಿ ಒಳಗೆ.

ಗಾಡಿಯಿಂದಲೇ ಬೆಂಕಿ ಬೀಳುತ್ತದಾ?

ಬೀಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೈಲೆನ್ಸರ್, ಅದರಲ್ಲೂ ಕ್ಯಾಟಲಿಟಿಕ್ ಕನ್ವರ್ಟರ್, ಏರು ಹತ್ತಿದ ಮೇಲೆ ಒಣಹುಲ್ಲು ಹತ್ತಿಕೊಳ್ಳುವುದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಮೊಣಕಾಲೆತ್ತರದ ಒಣಹುಲ್ಲಿನಲ್ಲಿ ಫೋಟೋ ತೆಗೆಯಲು ಗಾಡಿ ನಿಲ್ಲಿಸಬೇಡಿ. ಬರಿ ಮಣ್ಣು ಅಥವಾ ಬಂಡೆ ನೋಡಿ ನಿಲ್ಲಿಸಿ. ಹುಲ್ಲುಗಾಡಿನ ದಾರಿ ದಾಟಿದ ಮೇಲೆ ಒಮ್ಮೆ ಬಗ್ಗಿ ಅಡಿಯಲ್ಲಿ ನೋಡಿ. ಪ್ರೊಪೆಲ್ಲರ್ ಶಾಫ್ಟಿಗೆ, ಸೈಲೆನ್ಸರ್ ಸಂದಿಗೆ ಹುಲ್ಲು ಸುತ್ತಿಕೊಂಡಿದ್ದರೆ ತಣ್ಣಗಾದ ಮೇಲೆ ಕಿತ್ತು ಹಾಕಿ. ಬೆಂಕಿ ಆರಿಸುವ 2 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಕೈಗೆ ಸಿಗುವ ಕಡೆ ಇರಲಿ, ಲಗೇಜಿನ ಅಡಿಯಲ್ಲಿ ಅಲ್ಲ.

ಬೀಡಿ ಸಿಗರೇಟು ಸೇದುವವರು ಇಳಿದು, ಬರಿ ಮಣ್ಣಿನ ಮೇಲೆ ನಿಂತು ಸೇದಿ, ತುಂಡನ್ನು ಡಬ್ಬಿಗೆ ಹಾಕಿ. ಕಿಟಕಿಯಿಂದ ಎಸೆಯುವವರನ್ನು ನಾವು ಎರಡನೇ ಸಲ ಕರೆಯುವುದಿಲ್ಲ.

ಗುಡ್ಡಕ್ಕೆ ಬೆಂಕಿ ಬಿದ್ದರೆ ಹೊಸ ಹುಲ್ಲು ಬರುತ್ತದೆ, ಒಳ್ಳೆಯದೇ ಅಂತ ಊರವರೇ ಹೇಳುತ್ತಾರಲ್ಲ?

ಇದು ಒಳ್ಳೆಯ ಪ್ರಶ್ನೆ. ಸುಲಭದ ಉತ್ತರ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಅಂತ ಒಂದು ಪದ್ಧತಿ ಇತ್ತು. ಬೇಸಿಗೆಯ ಶುರುವಿನಲ್ಲೇ, ಎಲೆ ಇನ್ನೂ ಪೂರ್ತಿ ಒಣಗುವ ಮುಂಚೆ, ನೆಲದ ತರಗನ್ನು ಮಾತ್ರ ಸುಡುವ ಸಣ್ಣ ಬೆಂಕಿ. 1974ರಲ್ಲಿ ಅದು ಅಭಯಾರಣ್ಯ ಆದ ಮೇಲೆ ಆ ಪದ್ಧತಿ ನಿಂತಿತು. ಅದು ನಿಂತದ್ದರಿಂದಲೇ ಲಂಟಾನ ಇಷ್ಟು ಹಬ್ಬಿತು ಅಂತ ಸೋಲಿಗರು ಹೇಳುತ್ತಾರೆ. ಅವರ ಮಾತಿನಲ್ಲಿ ತೂಕ ಇದೆ ಅಂತ ನನಗೂ ಅನ್ನಿಸುತ್ತದೆ.

ಆದರೆ ಆ ಬೆಂಕಿ ಹಚ್ಚುತ್ತಿದ್ದವರಿಗೆ ಆ ಕಾಡಿನ ಒಂದೊಂದು ಹಳ್ಳವೂ ಗೊತ್ತಿತ್ತು. ಯಾವ ವಾರ, ಯಾವ ಗಾಳಿ, ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿತ್ತು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಬಂದ ನಮಗೆ ಅದು ಗೊತ್ತಿಲ್ಲ. ನಾವು ಮಾರ್ಚಿನಲ್ಲಿ ಬಿಟ್ಟ ಕೆಂಡ ತರಗು ಬೆಂಕಿ ಆಗುವುದಿಲ್ಲ. ಇನ್ನೊಂದು ವಿಷಯ, ಹುಲ್ಲು ಚಿಗುರುತ್ತದೆ ನಿಜ, ಗುಡ್ಡದ ಮಡಿಲಲ್ಲಿರುವ ಶೋಲಾ ಕಾಡು ಹಾಗೆ ಚಿಗುರುವುದಿಲ್ಲ. ಅದರ ಅಂಚು ಒಮ್ಮೆ ಸುಟ್ಟರೆ ಹಿಂದೆ ಸರಿಯುತ್ತದೆ. ನೆಲದ ಮೇಲೆ ಮೊಟ್ಟೆ ಇಡುವ ಟಿಟ್ಟಿಭ, ನತ್ತಿಂಗದಂಥ ಹಕ್ಕಿಗಳಿಗೂ ಅದೇ ಬೇಸಿಗೆ.

ದೂರದಲ್ಲಿ ಕಾಡ್ಗಿಚ್ಚು ಕಂಡರೆ ಏನು ಮಾಡಬೇಕು?

ಮೊದಲು ಫೋನ್. ಅರಣ್ಯ ಸಹಾಯವಾಣಿ 1926, ಇಲ್ಲವೇ 112. ಸಿಗ್ನಲ್ ಇದ್ದಲ್ಲಿ ಲೊಕೇಶನ್ ತೆಗೆದಿಟ್ಟುಕೊಳ್ಳಿ. ಬೆಂಕಿ ಯಾವ ಊರಿನ ಕಡೆಗೆ ಹೋಗುತ್ತಿದೆ ಅಂತ ಹೇಳಿ. ಉಪಗ್ರಹದಿಂದ ಇಲಾಖೆಗೆ ಎಚ್ಚರಿಕೆ ಬರುತ್ತದೆ, ಆದರೆ ಉಪಗ್ರಹ ಆ ಜಾಗದ ಮೇಲೆ ಹಾದುಹೋದಾಗ ಮಾತ್ರ. ನಿಮ್ಮ ಫೋನ್ ಅದಕ್ಕಿಂತ ಮುಂಚೆ ಮುಟ್ಟಬಹುದು.

ಆಮೇಲೆ ಅಲ್ಲಿಂದ ಹೊರಡಿ. ಬೆಂಕಿ ಕೆಳಗಿದ್ದು ನೀವು ಮೇಲಿದ್ದರೆ ಅದೇ ಅತಿ ಅಪಾಯದ ಜಾಗ. ಬಿಸಿಗಾಳಿ ಮೇಲಕ್ಕೆ ಹೋಗಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿಡುತ್ತದೆ, ಹಾಗಾಗಿ ಬೆಂಕಿ ಏರಿನಲ್ಲಿ ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಬೆಂಕಿಯ ನಡುವೆ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಬೋಳು ಬಂಡೆ, ಹೊಳೆ, ಬೆಂಕಿ ರೇಖೆ (ಬೆಂಕಿ ದಾಟದಿರಲಿ ಅಂತ ಮೊದಲೇ ಹುಲ್ಲು, ತರಗು ತೆಗೆದಿಟ್ಟ ಪಟ್ಟಿ), ಆಗಲೇ ಸುಟ್ಟು ತಣ್ಣಗಾದ ಜಾಗ, ಇವು ಸ್ವಲ್ಪ ಸುರಕ್ಷಿತ. ವಾಚರುಗಳು ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಬೆಂಕಿ ಆರಿಸುವುದನ್ನು ನೋಡಿ ನೀವೂ ನುಗ್ಗಬೇಡಿ. ಅವರು ಕೇಳಿದರೆ ನೀರು ಕೊಡಿ, ಗಾಡಿ ಕೊಡಿ, ಜನರನ್ನು ಕರೆತನ್ನಿ. ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಗಾಡಿ ಅವತ್ತು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಈ ತಲೆನೋವು ಇಲ್ಲವಲ್ಲ?

ಬೆಂಕಿಯ ಭಯ ಇಲ್ಲ, ಚಕ್ರದ ಭಯ ಇದೆ. ಜೂನ್, ಜುಲೈನಲ್ಲಿ ಹುಲ್ಲಿನ ಇಳಿಜಾರಿನಲ್ಲಿ ಒಂದು ಸಲ ಚಕ್ರ ತಿರುಗಿಸಿದರೆ ಗೆರೆ ಬೀಳುತ್ತದೆ. ಆ ಗೆರೆಯಲ್ಲಿ ನೀರು ಹರಿಯುತ್ತದೆ, ಮುಂದಿನ ವರ್ಷಕ್ಕೆ ಅದು ಕೊರಕಲು. ಇರುವ ದಾರಿಯಲ್ಲೇ ಹೋಗಿ. ಕೆಸರು ಬಂತು ಅಂತ ಪಕ್ಕದ ಹುಲ್ಲಿಗೆ ಇಳಿದರೆ ಒಂದು ದಾರಿ ಮೂರಾಗುತ್ತದೆ. ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ, ನೆಲ ಕಮ್ಮಿ ಕೀಳುತ್ತದೆ. ಟಾರ್ ರಸ್ತೆಗೆ ಬರುವ ಮುಂಚೆ ಮತ್ತೆ ತುಂಬಿಸಿಕೊಳ್ಳಿ. ಹೂತ ಗಾಡಿ ಎಳೆಯಲು ವಿಂಚ್ ಹಾಕುವಾಗ ಮರಕ್ಕೆ ಅಗಲ ಪಟ್ಟಿ ಸುತ್ತಿ. ಬರಿ ಉಕ್ಕಿನ ಹಗ್ಗ ತೊಗಟೆ ಕೊಯ್ಯುತ್ತದೆ, ಮರ ನಿಧಾನಕ್ಕೆ ಸಾಯುತ್ತದೆ.

ತೊರೆಯಲ್ಲಿ ಗಾಡಿ ತೊಳೆಯಬಹುದಾ? ಪಾತ್ರೆ?

ತೊರೆಯ ಅಂಚಿನಲ್ಲಿ ಕಪ್ಪು ಪೈಪ್ ನೋಡಿದ್ದೀರಾ? ಮೇಲಿನ ಗುಂಡಿಯಿಂದ ಹೊರಟು, ಮರದಿಂದ ಮರಕ್ಕೆ ಜೋತಾಡುತ್ತಾ ಕೆಳಗೆ ಹೋಗಿರುತ್ತದೆ. ಮೋಟರ್ ಇಲ್ಲ, ಇಳಿಜಾರೇ ನೀರು ಹರಿಸುತ್ತದೆ. ಅದರ ಕೊನೆ ಯಾರದೋ ಅಡುಗೆ ಮನೆಯಲ್ಲಿದೆ. ನೀವು ತೊರೆಯೊಳಗೆ ಗಾಡಿ ಓಡಾಡಿಸಿದರೆ ಸ್ವಲ್ಪ ಹೊತ್ತಿಗೆ ಆ ಮನೆಯ ಕೊಡಕ್ಕೆ ಕೆಸರು, ಡೀಸೆಲ್ ವಾಸನೆ ಹೋಗುತ್ತದೆ. ಇದ್ದ ದಾಟಿನಲ್ಲಿ ನೇರ ದಾಟಿ, ನಿಧಾನ ದಾಟಿ, ಮೇಲೆ ಹತ್ತಿ. ಪಾತ್ರೆಯನ್ನು ತೊರೆಯಿಂದ ಎಪ್ಪತ್ತು ಹೆಜ್ಜೆ ದೂರ ತಂದು, ಸೋಪಿಲ್ಲದೆ ಬೂದಿಯಲ್ಲಿ ಉಜ್ಜಿ. ಬಯಲಿಗೆ ಹೋಗುವುದೂ ಅಷ್ಟೇ ದೂರ, ಗೇಣುದ್ದದ ಗುಂಡಿ ತೋಡಿ, ಮುಚ್ಚಿ ಬನ್ನಿ.

ಕಸವನ್ನು ಬೆಂಕಿಗೆ ಹಾಕಬಹುದಾ?

ಬೇಡ. ಚಿಪ್ಸ್ ಕವರಿನೊಳಗಿನ ಬೆಳ್ಳಿ ಪದರ ಸುಡುವುದಿಲ್ಲ, ಪ್ಲಾಸ್ಟಿಕ್ ಹೊಗೆ ನಿಮ್ಮದೇ ಶ್ವಾಸಕ್ಕೆ. ತಂದದ್ದನ್ನೆಲ್ಲ ವಾಪಸ್ ತಗೊಂಡು ಹೋಗಿ. ಕಿತ್ತಳೆ ಸಿಪ್ಪೆಯನ್ನೂ.

ಊರಿನವರ ಜೊತೆ ಹೇಗಿರಬೇಕು?

ದಾರಿಗೆ ಅಡ್ಡ ಹಾಕಿದ ಗಳುಗಳ ಗೇಟು, ಅಂದರೆ ಉಣುಗೋಲು, ಸರಿಸಿ ಹೋದರೆ ಹಿಂದಿನ ಗಾಡಿಯವರು ಇಳಿದು ಮತ್ತೆ ಹಾಕಬೇಕು. ಇಲ್ಲದಿದ್ದರೆ ದನ ಗದ್ದೆಗೆ ನುಗ್ಗುತ್ತದೆ. ಮನೆ ಮುಂದೆ ನಡೆಯುವ ವೇಗದಲ್ಲಿ ಹೋಗಿ. ರಾತ್ರಿ ಎಂಟರ ಮೇಲೆ ಸ್ಪೀಕರ್ ಬೇಡ, ಗುಡ್ಡದಲ್ಲಿ ಸದ್ದು ಎರಡು ಊರು ದಾಟುತ್ತದೆ. ದೇವರ ಕಾಡು, ಬನ ಅಂದರೆ ಒಳಗೆ ಗಾಡಿಯೂ ಬೇಡ, ಬೆಂಕಿಯೂ ಬೇಡ. ವಾಚರ್ ಬಂದು "ಇಲ್ಲಿ ಬೇಡ ಅಣ್ಣ" ಅಂದರೆ ವಾದ ಮಾಡದೆ ಎದ್ದು ಬನ್ನಿ. ಅವರಿಗೆ ಒಂದು ಲೋಟ ಚಹಾ ಕೊಟ್ಟು ಕೂರಿಸಿದರೆ ಆ ಕಾಡಿನ ಬಗ್ಗೆ ಯಾವ ಮ್ಯಾಪಿನಲ್ಲೂ ಇಲ್ಲದ ವಿಷಯ ಹೇಳುತ್ತಾರೆ.

ಬೇರೆ ಗುಂಪಿನವರು ಬಿಟ್ಟು ಹೋದ ಬೆಂಕಿ ಕಂಡರೆ?

ಯಾರದ್ದಾದರೂ ಆಗಲಿ, ಆರಿಸಿ. ಎತ್ತಿಟ್ಟ ಕ್ಯಾನ್ ಇದಕ್ಕೂ ಇರುವುದು. ಕಲಕಿ, ನೀರು ಹಾಕಿ, ಕೈ ಇಟ್ಟು ನೋಡಿ. ಸುತ್ತ ಎರಡು ಮಾರು ನಡೆದು ನೆಲದಿಂದ ಹೊಗೆ ಬರುತ್ತಿದೆಯಾ ನೋಡಿ. ಪೂರ್ತಿ ತಣ್ಣಗಾದ ಮೇಲೆ ಜೋಡಿಸಿದ ಕಲ್ಲುಗಳನ್ನು ಚದುರಿಸಿ. ಕಲ್ಲಿನ ವೃತ್ತ ಇದ್ದರೆ ಮುಂದಿನವರಿಗೆ ಇಲ್ಲಿ ಬೆಂಕಿ ಹಾಕಬಹುದು ಅನ್ನಿಸುತ್ತದೆ. ಜಾಗದ ಫೋಟೋ ತೆಗೆದು, ವಾಪಸ್ ಬರುವಾಗ ಗಾರ್ಡಿಗೆ ತೋರಿಸಿ. ಹೋದ ಡಿಸೆಂಬರಿನಲ್ಲಿ ನಮಗೆ ಇಂಥದ್ದೊಂದು ಸಿಕ್ಕಿತು. ಜೊತೆಗಿದ್ದ ಹೊಸ ಹುಡುಗ ತಾನೇ ಮಂಡಿಯೂರಿ ಕೂತು, ಒದ್ದೆ ಬೂದಿಯ ಮೇಲೆ ಅಂಗೈ ಇಟ್ಟು ಎಣಿಸಲು ಶುರು ಮಾಡಿದ. ಎಂಟಕ್ಕೆ ಕೈ ತೆಗೆದು "ಇನ್ನೊಂದು ಸಲ ನೀರು ಹಾಕೋಣ ಅಣ್ಣ" ಅಂದ. ಹಾಕಿದೆವು.